ಬೆಂಗಳೂರಿನಿಂದ ಗಿರಿಜಾ ಟೀಚರನ್ನು ವಿಚಾರಿಸಿದರು

ಇವತ್ತು ಬೆಳಿಗ್ಗೆ ಮಾಸ್ತರರ ವಾಟ್ಸಾಪ್ ಗುಂಪಿನಲ್ಲಿ ಮತ್ತೊಂದು ಮೆಸೇಜು ಬಂದು ಬಿತ್ತು. ವಿಜ್ಞಾನಿಗಳಿಗೆ ಮತ್ತು ವಿಜ್ಞಾನ ಶಿಕ್ಷಕರಿಗೆ ಫೆಲೋಶಿಪ್, ಒಂದು ವರ್ಷ ದೊಡ್ಡ ಸಂಸ್ಥೆಯಲ್ಲಿದ್ದು ಸಂಶೋಧನೆ ಮಾಡಬಹುದು, ಆಸಕ್ತರು ಅರ್ಜಿ ಹಾಕಿರಿ. ಇಂಥವು ಆಗಾಗ ಬರುತ್ತಲೇ ಇರುತ್ತವೆ, ಅದೂ ಕೊನೆಯ ದಿನಾಂಕ ಹತ್ತಿರ ಬಂದ ಮೇಲೆ. ನಾನು ಕನ್ನಡ ಮಾಸ್ತರ. ಸಂಧಿ ಸಮಾಸ ಬಲ್ಲವನನ್ನು ಕರೆದು ವರ್ಷವಿಡೀ ಕೂಡಿಸಿ ಊಟ ಹಾಕುವ ಯೋಜನೆಯನ್ನು ಈತನಕ ಯಾರೂ ಮಾಡಿದ್ದು ನಾನು ಕಾಣೆ. ಆದರೂ ಇವನ್ನೆಲ್ಲ ಕಡೇ ಸಾಲಿನವರೆಗೆ ಓದುತ್ತೇನೆ. ಅಲ್ಲೊಂದು ಮಾತು ಇದ್ದೇ ಇರುತ್ತದೆ: ನಿಮ್ಮನ್ನು ಚೆನ್ನಾಗಿ ಬಲ್ಲವರ ಫೋನ್ ನಂಬರು ಕೊಡಿರಿ. ಅಲ್ಲಿಗೆ ಬಂದಾಗ ನನಗೆ ಅಂಗಡಿ ಸರ್ ನೆನಪಾಗುತ್ತಾರೆ.

ಅಂಗಡಿ ಅವರ ಅಡ್ಡಹೆಸರು, ಅಂದರೆ ಮನೆತನದ್ದು. ಬ್ಯಾಡಗಿ ಹತ್ತಿರದ ನಮ್ಮ ಹೈಸ್ಕೂಲಿನ ಆಗಿನ ಹೆಡ್‌ಮಾಸ್ತರರು. ನಿಮಗೆ ಗೊತ್ತಿರಬಹುದು, ನಮ್ಮ ಕಡೆ ಕನ್ಯಾ ನೋಡಲು ಬರುವ ಮುಂಚೆ ಗಂಡಿನವರು ಹತ್ತು ಕಡೆ ವಿಚಾರಿಸುತ್ತಾರೆ. ಕಿರಾಣಿ ಅಂಗಡಿಯವನನ್ನು ಕೇಳುತ್ತಾರೆ, ಓಣಿಯ ಹಿರಿಯರನ್ನು ಕೇಳುತ್ತಾರೆ, ಹುಡುಗಿ ಶಾಲೆಯಲ್ಲಿ ಕೆಲಸಕ್ಕಿದ್ದರೆ ಹೆಡ್‌ಮಾಸ್ತರರನ್ನು ಬಿಡುವುದಿಲ್ಲ. ಅಂಗಡಿ ಸರ್ ಈ ವಿದ್ಯೆಯಲ್ಲಿ ಪಳಗಿದವರು. ಅವರು ಒಳ್ಳೆಯ ಮಾತು ಹೇಳಿದ ಸಂಬಂಧ ಮುರಿದದ್ದಿಲ್ಲ ಎಂದು ಹಾವೇರಿವರೆಗೂ ಹೆಸರಿತ್ತು. ಶಾಲೆಯ ಫಲಿತಾಂಶಕ್ಕೆ ಅಷ್ಟು ಹೆಸರಿರಲಿಲ್ಲ.

ನಮ್ಮ ವಿಜ್ಞಾನದ ಟೀಚರು ಗಿರಿಜಾ. ರಾಣೆಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮದುವೆಯಾಗಿರಲಿಲ್ಲ, ಅದರ ಚಿಂತೆ ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ಇತ್ತು. ಅವರ ಚಿಂತೆಯೇ ಬೇರೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಅದರ ಬಣ್ಣದಿಂದ. ಇಟ್ಟಲ್ಲೇ ಆ ಬಣ್ಣ ಮಾಸುವುದು ಯಾಕೆ? ಇದು ತಿಳಿಯದೆ ಅವರಿಗೆ ಸಮಾಧಾನವಿಲ್ಲ. ಕಿಟಕಿಯಲ್ಲೊಂದು ಬಾಟಲಿ, ಕಪಾಟಿನ ಕತ್ತಲಲ್ಲೊಂದು, ಹಸಿ ಗೋಣಿಚೀಲದಲ್ಲಿ ಸುತ್ತಿದ್ದೊಂದು, ಹೀಗೆ ಶಾಲೆ ತುಂಬ ಮೆಣಸಿನಕಾಯಿ ಇಟ್ಟಿದ್ದರು. ಅವರು ಬಿರಡೆ ತೆಗೆದ ದಿನ ಪ್ರಾರ್ಥನೆಗೆ ನಿಂತವರೆಲ್ಲ ಸೀನುತ್ತಿದ್ದೆವು.

ಒಂದು ದಿನ ಗಿರಿಜಾ ಟೀಚರು ಹೆಡ್‌ಮಾಸ್ತರರ ಕೋಣೆಗೆ ಬಂದು, ತುಸು ಸಂಕೋಚದಿಂದ, "ಸರ್, ಬೆಂಗಳೂರಿಂದ ನನ್ನ ವಿಷಯ ಕೇಳಾಕ ಫೋನ್ ಬರ್ತೈತ್ರಿ. ಸ್ವಲ್ಪ ಒಳ್ಳೇದ ಹೇಳ್ರಿ," ಎಂದರು. ಹೆಚ್ಚು ಬಿಡಿಸಿ ಹೇಳಲಿಲ್ಲ. ಆಯ್ಕೆ ಆಗದಿದ್ದರೆ ನಗೆಗೀಡಾಗಬೇಕಲ್ಲ ಎಂಬ ಅಳುಕು. ಸರ್ ಅಲ್ಲೇ ಕೂತಿದ್ದ ನನ್ನ ಕಡೆ ನೋಡಿ ಕಣ್ಣರಳಿಸಿದರು. ನಾನೂ ಅರಳಿಸಿದೆ.

ಮರುದಿನವೇ ಫೋನು ಬಂತು. ಸರ್ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವರು, ಹಾಗಾಗಿ ಎಲ್ಲ ನನಗೂ ಕೇಳಿಸಿತು. ಹೆಣ್ಣುಮಗಳೊಬ್ಬರು ಯಾವುದೋ ಸಂಸ್ಥೆಯ ಹೆಸರು ಹೇಳಿದರು. ವರನಿಗೆ ಅಲ್ಲಿ ನೌಕರಿ ಎಂದು ನಾವಿಬ್ಬರೂ ತಿಳಿದೆವು.

"ಗಿರಿಜಾ ಅವರ ಸ್ವಭಾವ ಹೇಗೆ ಸರ್? ತುಂಬಾ ಪ್ರಶ್ನೆ ಕೇಳ್ತಾರಾ?"

"ಛೇ ಛೇ! ಎದುರು ಮಾತು ಅಂಬೂದ ಗೊತ್ತಿಲ್ರಿ ಆಕಿಗೆ. ಸಾಲ್ಯಾಗ ಇದ್ದಾಳೋ ಇಲ್ಲೋ ತಿಳ್ಯೂದಿಲ್ಲ."

"ಹೊಸದೇನಾದ್ರೂ ಮಾಡಿ ನೋಡೋ ಆಸಕ್ತಿ?"

"ಹಿರ್‍ಯಾರು ಹಾಕಿಕೊಟ್ಟ ಪದ್ಧತಿ ಬಿಟ್ಟು ಆಕಡೆ ಈಕಡೆ ಸರಿಯಾಕಿ ಅಲ್ರಿ."

ಆ ಕಡೆಯವರು ಪುಟ ಮಗುಚಿದ್ದು ಕೇಳಿಸಿತು. "ಈಗಿನ ಕೆಲಸದ ಬಗ್ಗೆ ಅವರಿಗೆ..."

"ನೀವು ಬಿಡು ಅಂದ್ರ ನಾಳೇನ ಬಿಡ್ತಾಳ್ರಿ. ಅಂದಂಗ, ನಿಮ್ಮಲ್ಲಿ ಮಂದಿ ಎಷ್ಟು?"

"ನಾವು ಹನ್ನೆರಡು ಜನ ಇದ್ದೀವಿ ಸರ್."

"ತುಂಬಿದ ಮನಿ! ಹೊಂದಿಕೊಂಡು ಹೋಗ್ತಾಳ ಬಿಡ್ರಿ."

ಅವರು ಥ್ಯಾಂಕ್ಸ್ ಹೇಳಿ ಇಟ್ಟರು. ಸರ್ ಒಂದು ಸತ್ಕಾರ್ಯ ಮಾಡಿದ ತೃಪ್ತಿಯಲ್ಲಿ ಬೆವರು ಒರೆಸಿಕೊಂಡರು. ಭಾಳ ಛಲೋ ಹೇಳಿದ್ರಿ ಎಂದು ನಾನೂ ಶಹಬ್ಬಾಸ್‌ಗಿರಿ ಕೊಟ್ಟೆ.

ಬಿಡುವಿನಲ್ಲಿ ಗಿರಿಜಾ ಟೀಚರು ಬಂದರು. "ಫೋನ್ ಬಂದಿತ್ತೇನ್ರಿ ಸರ್?"

"ಬಂದಿತ್ತವಾ. ಕಣ್ಣ ಮುಚ್ಚಿ ಒಪ್ಪಬೇಕು, ಹಂಗ ಹೇಳೇನಿ. ಹುಡುಗನ ಹೆಸರು ಕೇಳೂದೊಂದು ಉಳೀತು."

"ಯಾವ ಹುಡುಗರಿ?"

ಆಮೇಲೆ ಅವರೇ ಎಲ್ಲ ಹೇಳಿದರು. ಮೆಣಸಿನಕಾಯಿ ಬಣ್ಣದ ಮೇಲೆ ಒಂದು ವರ್ಷ ಕೆಲಸ, ಒಳ್ಳೆಯ ಲ್ಯಾಬು, ಕೇಳಿದ್ದಕ್ಕೆ ಉತ್ತರ ಹೇಳುವ ಜನ. ಕಡೇ ಸುತ್ತಿಗೆ ಬಂದಿದ್ದರಂತೆ. ಸರ್ ಏನೇನು ಹೇಳಿದರೆಂದು ನಾನು ಮೆಲ್ಲಗೆ ಒಪ್ಪಿಸಿದೆ. ಅವರು ಸಿಟ್ಟಾಗಲಿಲ್ಲ. "ಇನ್ನೊಮ್ಮೆ ಇಂಥಾದ್ದು ಬರೂದಿಲ್ರಿ ನನಗ," ಎಂದಷ್ಟೇ ಹೇಳಿ ಒಂಬತ್ತನೇ ತರಗತಿಗೆ ಹೋದರು. ಸಿಟ್ಟಾಗಿದ್ದರೇ ಚೆನ್ನಾಗಿತ್ತು.

ಸರ್ ಚಹಾ ತರಿಸಿದರು. ಅವರ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ಇದೇ ಹುದ್ದೆ ಖಾಲಿಯಾದಾಗ ತುಂಬುವವರೇ ಸಿಗದೆ ಡ್ರಿಲ್ ಮಾಸ್ತರರು ವಿಜ್ಞಾನ ಹೇಳಿದ್ದರು. ಆ ಕಾಲದ ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾತು ಬಂದರೆ ಸರ್ ಈಗಲೂ ಎದ್ದು ಹೋಗುತ್ತಿದ್ದರು. ಗಿರಿಜಾ ಟೀಚರು ಬಂದ ಮೇಲೆಯೇ ಶಾಲೆ ಉಸಿರಾಡಿದ್ದು. ಈಗ ಅವರನ್ನು ಉಳಿಸಿಕೊಳ್ಳಲು ಸರ್ ಏನೂ ಮಾಡಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ತಪ್ಪೆಂದು ಅನ್ನುವವರೂ ಇರಲಿಲ್ಲ, ಆದದ್ದು ಆಗಿಹೋಗಿತ್ತು.

ಕಪ್ಪು ಕೆಳಗಿಟ್ಟು, "ಮಾಸ್ತರ, ಬಾಗಲಾ ಮುಂದ ಮಾಡ್ರಿ," ಎಂದರು. ನಾನು ಬಾಗಿಲು ಹಾಕಿದ ಮೇಲೆ ಬೆಳಗಿನ ನಂಬರಿಗೆ ತಾವೇ ಫೋನು ಹಚ್ಚಿದರು.

"ಅವ್ವಾರ, ನಾ ಮುಂಜಾನೆ ಹೇಳಿದ್ದು ಅಷ್ಟೂ ಸುಳ್ಳು ಐತ್ರಿ. ಆಕಿ ಎದುರು ಮಾತಾಡ್ತಾಳ. ತಪಾಸಣಿಗೆ ಬಂದ ಸಾಹೇಬ್ರಿಗೆ ನೀವು ಹೇಳೂದು ತಪ್ಪು ಅಂತ ಹುಡುಗ್ರ ಮುಂದ ಹೇಳಿದ್ಲು. ಅವ್ರು ಹೇಳಿದ್ದು ಖರೇನ ತಪ್ಪ ಇತ್ರಿ. ಸಾಲಿ ತುಂಬ ಮೆಣಸಿನಕಾಯಿ ಇಟ್ಟಾಳ, ತಗೀ ಅಂದ್ರ ತಗ್ಯೂದಿಲ್ಲ. ಬಣ್ಣ ಯಾಕ ಹೋಗ್ತೈತಿ ಅಂತ ತಿಳೀಲಾರದ ತಗ್ಯೂದಿಲ್ಲ ಅಂತಾಳ. ಆಕಿ ಕೇಳೋ ಪ್ರಶ್ನಿಗೆ ಉತ್ತರ ಕೊಡಾವ್ರು ಈ ಊರಾಗ ಯಾರೂ ಇಲ್ರಿ. ಆಕಿ ಹೋದ್ರ ನನ್ನ ಸಾಲ್ಯಾಗ ವಿಜ್ಞಾನ ಇಲ್ಲ, ಆ ಮಾತು ಬ್ಯಾರೆ. ಕರಕೊಂಡು ಹೋಗ್ರಿ."

ಆ ಕಡೆಯವರು, "ಮತ್ತೆ ಬೆಳಿಗ್ಗೆ ಯಾಕೆ ಸರ್ ಹಾಗಂದ್ರಿ?" ಎಂದರು.

"ಲಗ್ನಕ್ಕ ಕೇಳಾಕತ್ತೀರಿ ಅಂತ ತಿಳಿದಿದ್ನಿರಿ."

ಅವರು ಬಹಳ ಹೊತ್ತು ನಕ್ಕರು. ಸರ್ ನಗಲಿಲ್ಲ. ನಾನು ಸುಮ್ಮನೆ ಹಾಜರಿ ಪುಸ್ತಕ ತಿರುವಿದೆ.

ಬಾಗಿಲು ಹಾಕಿದ್ದು ದಂಡ. ಬೆಂಗಳೂರು ದೂರ ಎಂದು ಸರ್ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದರು. ಗೋಡೆಯಾಚೆಗಿದ್ದ ಒಂಬತ್ತನೇ ತರಗತಿ ಪೂರ್ತಿ ಕೇಳಿಸಿಕೊಂಡಿತ್ತು, ಪಾಠ ಮಾಡುತ್ತಿದ್ದ ಗಿರಿಜಾ ಟೀಚರೂ. ಟೀಚರು ಹೊರಗೆ ಬಂದು ಕಣ್ಣೊರೆಸಿಕೊಳ್ಳುತ್ತ, ಮೆಣಸಿನಕಾಯಿ ಘಾಟು ಎಂದರು. ಅವತ್ತು ಯಾವ ಬಾಟಲಿಯ ಬಿರಡೆಯನ್ನೂ ತೆಗೆದಿರಲಿಲ್ಲ.

ಅವರು ಬೆಂಗಳೂರಿಗೆ ಹೋದರು, ವರ್ಷದ ಮೇಲೆ ಹೆಚ್ಚಿನ ಪ್ರಶ್ನೆಗಳೊಂದಿಗೆ ತಿರುಗಿ ಬಂದರು. ನಡುವಿನ ಆ ವರ್ಷ ವಿಜ್ಞಾನ ನನ್ನ ಪಾಲಿಗೆ ಬಂತು. ದ್ಯುತಿಸಂಶ್ಲೇಷಣೆಯನ್ನು ಪದ ಬಿಡಿಸಿ, ಅರ್ಥ ಹೇಳಿ, ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದೆ. ಮಕ್ಕಳು ಬಳಸಿದರು. ಎಲೆ ಹೇಗೆ ಊಟ ತಯಾರಿಸುತ್ತದೆ ಎಂದು ಕೇಳಿದವಳಿಗೆ ನಾಳೆ ನೋಡೋಣ ಎಂದೆ.

ಈಗ ಅಂಗಡಿ ಸರ್ ನಿವೃತ್ತರು, ಗಿರಿಜಾ ಟೀಚರು ರಾಣೆಬೆನ್ನೂರಿನ ಶಾಲೆಯಲ್ಲಿದ್ದಾರೆ. ಇಲ್ಲಿ ಹೆಡ್‌ಮಾಸ್ತರನ ಪ್ರಭಾರ ನನ್ನದು. ವಿಜ್ಞಾನಕ್ಕೆ ಇರುವವರು ಪೂರ್ಣಿಮಾ ಎಂಬ ಹೊಸ ಟೀಚರು ಒಬ್ಬರೇ. ಅವರನ್ನು ಇನ್ನೂ ಆ ಗುಂಪಿಗೆ ಸೇರಿಸಿಲ್ಲ. ನಾನು ಕಳಿಸದಿದ್ದರೆ ಈ ಮೆಸೇಜು ಅವರಿಗೆ ಸಿಗುವುದಿಲ್ಲ. ಬೆಳಿಗ್ಗೆ ಅದನ್ನೇ ನೋಡುತ್ತ ಕೂತಿದ್ದೆ. ಹೆಂಡತಿ ಎರಡು ಸಲ ಚಹಾ ಬಿಸಿ ಮಾಡಿಕೊಟ್ಟಳು.

ಕಡೆಗೆ ಕಳಿಸಿದೆ. ಕೂಡಲೇ ಉತ್ತರ ಬಂತು: "ಸರ್, ಹಾಕಲೇನ್ರಿ? ನಾ ಹ್ವಾದ್ರ ಇಲ್ಲಿ ಪಾಠ ಯಾರು ತಗೊಂತಾರ?"

"ಹಾಕವಾ. ಪಾಠಕ್ಕ ನಾ ಅದೇನಿ," ಎಂದು ಬರೆದೆ. ಆಮೇಲೆ ಒಂಬತ್ತನೇ ತರಗತಿಯ ವಿಜ್ಞಾನದ ಪುಸ್ತಕ ತೆಗೆದು, ಎಲೆ ಹೇಗೆ ಊಟ ತಯಾರಿಸುತ್ತದೆ ಎಂದು ಮೊದಲಿನಿಂದ ಓದಲು ಕೂತೆ.