ತೂಕಕ್ಕೆ ಬಿದ್ದ ಕೋಟು

ರಫೂ ಅಣ್ಣನ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಅದಕ್ಕೊಂದು ಕಿಟಕಿ, ಕಿಟಕಿಯ ಪಕ್ಕ ಒಂದು ಕುರ್ಚಿ. ಹರಿದ, ಸುಟ್ಟ, ಇಲಿ ಕಡಿದ ಬಟ್ಟೆಗೆ ಎಳೆಗೆ ಎಳೆ ಕೂಡಿಸಿ, ಅಲ್ಲೊಂದು ತೂತಿತ್ತು ಎಂಬುದೇ ತಿಳಿಯದಂತೆ ಮಾಡಿಕೊಡುವುದು ಅವನ ಕಸುಬು. ಮೂವತ್ತೈದು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ಅವನ ನಿಜವಾದ ಹೆಸರು ಸ್ವಂತ ಮಗಳಿಗೂ ಏನಾದರೂ ಅರ್ಜಿ ತುಂಬುವಾಗ ಮಾತ್ರ ನೆನಪಾಗುತ್ತಿತ್ತು.

ಹಳೇ ಬಟ್ಟೆಗೆ ಹೊಸ ನೂಲು ಹಾಕಿದರೆ ಕಟ್ಟಿಸಿಕೊಂಡ ಹಲ್ಲಿನ ಹಾಗೆ ಅದೊಂದೇ ಎದ್ದು ಕಾಣುತ್ತದೆ. ಹಳೆಯದಕ್ಕೆ ಹಳೆಯದೇ ಬೇಕು. ಅಷ್ಟೇ ಒಗೆತ ಕಂಡ, ಅಷ್ಟೇ ಬಿಸಿಲು ತಿಂದ ಎಳೆ ಬೇಕು. ಅದಕ್ಕೇ ಅವನು ವಾರಕ್ಕೆ ಎರಡು ಸಲ ತೂಕದಂಗಡಿಗೆ ಹೋಗುತ್ತಿದ್ದ.

ತೂಕದಂಗಡಿಯಲ್ಲಿ ಬಟ್ಟೆಗೆ ಬೆಲೆಚೀಟಿ ಇಲ್ಲ. ರೇಷ್ಮೆಯಾದರೂ ಅಷ್ಟೆ, ಒರೆಸುವ ಬಟ್ಟೆಯಾದರೂ ಅಷ್ಟೆ, ಕಿಲೋ ಲೆಕ್ಕ. ಗೋದಾಮಿನಂಥ ಹಜಾರದಲ್ಲಿ ಗಾಲಿ ಹಾಕಿದ ದೊಡ್ಡ ದೊಡ್ಡ ತೊಟ್ಟಿಗಳು, ಅದರ ತುಂಬ ಯಾರೋ ಉಟ್ಟು ಬಿಟ್ಟ ಬಟ್ಟೆ. ಗಂಟೆಗೊಮ್ಮೆ ಬೆಲ್ಲು ಬಾರಿಸುತ್ತಾರೆ. ಆಗ ಎಲ್ಲರೂ ಹಳದಿ ಗೆರೆಯ ಆಚೆ ಸರಿದು ನಿಲ್ಲಬೇಕು. ಹಳೇ ತೊಟ್ಟಿಗಳು ಹಿಂದಿನ ಕೋಣೆಗೆ ಹೋಗುತ್ತವೆ, ಅದರಲ್ಲಿ ಉಳಿದ ಬಟ್ಟೆಯೆಲ್ಲ ಯಂತ್ರದ ಬಾಯಿಗೆ ಬಿದ್ದು, ಇಟ್ಟಿಗೆಯಂಥ ಬಿಗಿ ಗಂಟಾಗುತ್ತದೆ. ಹೊಸ ತೊಟ್ಟಿ ಬಂದು ಎರಡನೇ ಬೆಲ್ಲು ಹೊಡೆದದ್ದೇ ತಡ, ದೊಡ್ಡ ಮನುಷ್ಯರು ಅನ್ನಿಸಿಕೊಂಡವರೂ ಮೊಣಕೈಯಲ್ಲೇ ಮಾತಾಡತೊಡಗುತ್ತಾರೆ.

ಆ ಮೊಣಕೈಗಳಲ್ಲೆಲ್ಲ ಚುರುಕಾದದ್ದು ಹದ್ದಕ್ಕನದು. ಇಲ್ಲಿ ಕೊಂಡದ್ದನ್ನು ಒಗೆದು, ಇಸ್ತ್ರಿ ಮಾಡಿ, ಸಂತೆಯಲ್ಲಿ ಮಾರುವ ಹೆಂಗಸು ಆಕೆ. ಹೋದ ತಿಂಗಳು ರಫೂ ಅಣ್ಣ ಕೈ ಹಾಕಿದ್ದ ಕಪ್ಪು ಶಾಲನ್ನು ಅವನ ಬೆರಳಿನಿಂದಲೇ ಕಿತ್ತುಕೊಂಡಿದ್ದಳು. ಅಂದಿನಿಂದ ಅವಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಆ ಕಪ್ಪು ಶಾಲು ತಪ್ಪಿದ ಮೇಲೆ ಇನ್ನೊಂದು ಎಡವಟ್ಟೂ ಆಗಿತ್ತು. ಗಿರಾಕಿಯೊಬ್ಬರ ಕಪ್ಪು ಪ್ಯಾಂಟಿಗೆ ಅವನು ಕಂದು ಎಳೆ ಕೂಡಿಸಿ ಕಳಿಸಿದ್ದ. ಮೋಡದ ದಿನ, ಬೆಳಕು ಸಾಲದು ಎಂದು ಅವನ ವಾದ. ಮಗಳು ಬಿಡಲಿಲ್ಲ.

"ಅಪ್ಪಾ, ಬೆಳಕಿಗೇನೂ ಆಗಿಲ್ಲ, ನಿನ್ನ ಕಣ್ಣಿಗೆ ಆಗಿರೋದು. ಇನ್ನೊಂದು ಸಲ ಹೀಗಾದ್ರೆ ನಾನೇ ಅಂಗಡಿ ಬೋರ್ಡು ಇಳಿಸ್ತೀನಿ. ಜನರ ಹತ್ರ ಅನ್ನಿಸ್ಕೊಳ್ಳೋದು ಸಾಕು."

ಅವನು ಹೂಂ ಅಂದ. ಸೂಜಿಗೆ ದಾರ ಪೋಣಿಸಲು ಈಗೀಗ ಹತ್ತು ಸಲ ತಿಣುಕಬೇಕಾಗುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಕುರ್ಚಿ ಬಿಟ್ಟರೆ ತಾನು ಯಾರು ಎಂಬ ಹೆದರಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಅಂಥ ಹೊತ್ತಿನಲ್ಲೇ ಶಾಲೆಯ ಟೀಚರಮ್ಮ ಕಡುನೀಲಿ ಕೋಟೊಂದನ್ನು ತಂದರು. ಗಂಡನದು. ಇಸ್ತ್ರಿ ಮಾಡುವಾಗ ಫೋನು ಬಂದು, ತೋಳಿನ ಮೇಲೆ ಬೆರಳಗಲ ಸುಟ್ಟಿತ್ತು. "ಶುಕ್ರವಾರ ಅವ್ರು ಊರಿಂದ ಬರ್ತಾರೆ, ಅಷ್ಟರೊಳಗೆ ಹೇಗಾದ್ರೂ ಮಾಡಿ ಅಣ್ಣಾ. ಅವರಪ್ಪ ಹೊಲಿಸಿಕೊಟ್ಟ ಕೋಟಂತೆ," ಎಂದರು. ಒಳಮಡಿಕೆಯಿಂದ ಎಳೆ ತೆಗೆಯೋಣವೆಂದರೆ ಅದನ್ನು ಯಾರೋ ಎಂದೋ ಬಿಚ್ಚಿ ತೋಳನ್ನು ಉದ್ದ ಮಾಡಿಬಿಟ್ಟಿದ್ದರು. ಬಣ್ಣ ಕಣ್ಣಂದಾಜಿಗೆ ಬಿಡುವಂತಿಲ್ಲ. ರಫೂ ಅಣ್ಣ ಕೋಟನ್ನೇ ಬಗಲಲ್ಲಿ ಹಿಡಿದುಕೊಂಡು ತೂಕದಂಗಡಿಗೆ ಹೊರಟ.

ಮೂರನೇ ತೊಟ್ಟಿಯ ತಳದಲ್ಲಿ ನೀಲಿ ಪ್ಯಾಂಟೊಂದು ಸಿಕ್ಕಿತು. ಕೋಟಿನ ಪಕ್ಕ ಇಟ್ಟು ನೋಡಿದ, ಅಣ್ಣತಮ್ಮಂದಿರ ಹಾಗಿತ್ತು. ಆದರೆ ಹೋದ ತಿಂಗಳ ಪೆಟ್ಟು ಮರೆತಿರಲಿಲ್ಲವಲ್ಲ, ಬಿಸಿಲಲ್ಲೇ ಖಾತ್ರಿ ಮಾಡಿಕೊಳ್ಳೋಣ ಎಂದು ಕಿಟಕಿಯ ಹತ್ತಿರ ಹೋದ. ಎಳೆ ಹಿಂಜಿದ, ಉಜ್ಜಿದ, ಉಗುಳು ಹಚ್ಚಿ ನೋಡಿದ. ಅಷ್ಟರಲ್ಲಿ ಬೆಲ್ಲಾಯಿತು. ಶಿಸ್ತಿನ ಮನುಷ್ಯ, ಗೆರೆಯಾಚೆ ಸರಿದು ನಿಂತ. ತೊಟ್ಟಿಗಳು ಗಡಗಡ ಎನ್ನುತ್ತ ಒಳಗೆ ಹೋದವು.

ಈಗ ಕೋಟಿನ ಜೊತೆ ಇನ್ನೊಮ್ಮೆ ಹಿಡಿದು ನೋಡೋಣ ಎಂದು ಬಗಲಿಗೆ ಕೈ ಹಾಕಿದರೆ ಕೋಟಿಲ್ಲ. ಅಂಗಡಿಯ ಪ್ಯಾಂಟನ್ನು ಜೋಪಾನವಾಗಿ ಹಿಡಿದುಕೊಂಡು, ಗಿರಾಕಿಯ ಕೋಟನ್ನು ತೊಟ್ಟಿಯಲ್ಲೇ ಬಿಟ್ಟು ಬಂದಿದ್ದ.

ಹಿಂದಿನ ಬಾಗಿಲಿಗೆ ಓಡಿದ. ತೊಟ್ಟಿ ತಳ್ಳುವ ಹೆಂಗಸು ಮೊದಲು ಅಡ್ಡ ನಿಂತಳು, ಅವನ ಮುಖ ನೋಡಿ ದಾರಿ ಬಿಟ್ಟಳು. ಎರಡು ತೊಟ್ಟಿ ಆಗಲೇ ಗಂಟಾಗಿದ್ದವು. ಉಳಿದದ್ದನ್ನೆಲ್ಲ ಮೊಣಕಾಲೂರಿ ಕೆದಕಿದ. ನೀಲಿ ಕಂಡಲ್ಲೆಲ್ಲ ಜೀವ ಬಂತು, ಮುಟ್ಟಿದ ಕೂಡಲೇ ಹೋಯಿತು.

"ಗಂಟು ಬಿಚ್ಚೋಕೆ ನಮಗೆ ಹಕ್ಕಿಲ್ಲ ಯಜಮಾನ್ರೇ," ಎಂದಳು ಆಕೆ, ಮೆತ್ತಗೆ.

ಇನ್ನು ಮಗಳು ಬೋರ್ಡು ಇಳಿಸುವುದೇನು, ತಾನೇ ಇಳಿಸುವುದು ಮರ್ಯಾದೆ ಎಂದುಕೊಂಡ. ಮೂವತ್ತೈದು ವರ್ಷದಲ್ಲಿ ಒಬ್ಬರ ಒಂದು ಕರವಸ್ತ್ರವನ್ನೂ ಕಳೆದವನಲ್ಲ. ಟೀಚರಮ್ಮನಿಗೆ ಯಾವ ಮುಖ ತೋರಿಸುವುದು? ಕೈಯಲ್ಲಿ ಪ್ಯಾಂಟು ಉಳಿದದ್ದೂ ಗಮನವಿಲ್ಲದೆ, ಬರಿಯ ಅಭ್ಯಾಸದಿಂದ ತೂಕದ ಸಾಲಿನಲ್ಲಿ ಹೋಗಿ ನಿಂತ.

"ರಫೂ ಅಣ್ಣಾ, ಸರಿಯಾಗಿ ಸಿಕ್ಕಿದ್ರಿ!" ಬೆನ್ನ ಹಿಂದೆ ಹದ್ದಕ್ಕ. "ಒಂದು ಮಾಲು ಸಿಕ್ಕಿದೆ, ಬಂಗಾರದಂಥದ್ದು. ತೋಳು ಮಾತ್ರ ಸುಟ್ಟಿದೆ. ನೀವು ಕೈ ಹಾಕಿದ್ರೆ ಸಂತೇಲಿ ಒಳ್ಳೇ ರೇಟು ಬರುತ್ತೆ. ಎಷ್ಟು ದಿನಕ್ಕೆ ಮಾಡಿಕೊಡ್ತೀರಿ?"

ಬುಟ್ಟಿಯಿಂದ ಎತ್ತಿ ಹಿಡಿದದ್ದು ಅದೇ ಕೋಟು.

ರಫೂ ಅಣ್ಣ ಅದರತ್ತ ಕೈ ಚಾಚಿದ. "ಅದು... ಅದು ನಂದು ಕಣಮ್ಮಾ," ಎಂದ.

"ನಿಮ್ದು ಹೇಗಾಗುತ್ತೆ? ತೊಟ್ಟೀಲಿತ್ತು, ನಾನು ಎತ್ತಿದೆ!"

"ಒಳಜೇಬು ಹೊರಗೆ ತಿರುಗಿಸು. ಕೆಂಪು ನೂಲಲ್ಲಿ ಮೂರು ಹೊಲಿಗೆ ಇರುತ್ತೆ. ಅದು ನನ್ನ ಗುರುತು, ಬುಧವಾರ ಬಂದ ಬಟ್ಟೆಗೆ."

ತಿರುಗಿಸಿದಳು. ಮೂರೇ. ಹದ್ದಕ್ಕ ಒಮ್ಮೆ ಹೊಲಿಗೆ ನೋಡಿದಳು, ಒಮ್ಮೆ ಅವನನ್ನು ನೋಡಿದಳು, ಆಮೇಲೆ ಇಡೀ ಸಾಲು ತಿರುಗಿ ನೋಡುವ ಹಾಗೆ ನಕ್ಕಳು. "ಅಯ್ಯೋ ಪುಣ್ಯಾತ್ಮ! ನಾನು ಎತ್ತದಿದ್ರೆ ಗಂಟಾಗಿ ಹೋಗ್ತಿತ್ತಲ್ರೀ!" ಎನ್ನುತ್ತ ಕೋಟನ್ನು ಅವನ ತೋಳಿಗೇ ಹಾಕಿದಳು. ಹೋದ ಜೀವ ಬಂದಂತಾಯಿತು. ಆ ಕಪ್ಪು ಶಾಲನ್ನು ಅವನು ಅಲ್ಲೇ ಅವಳಿಗೆ ಮಾಫಿ ಮಾಡಿಬಿಟ್ಟ.

ತೂಕದವನು ಮಾತ್ರ ಬಿಡಲಿಲ್ಲ. ತೊಟ್ಟಿಯಿಂದ ಬಂದದ್ದೆಲ್ಲ ತಕ್ಕಡಿಗೆ ಬರಲೇಬೇಕು ಎಂದ. ಗಿರಾಕಿ ಒಪ್ಪಿಸಿದ ಕೋಟನ್ನೂ ಪ್ಯಾಂಟಿನ ಜೊತೆ ತೂಗಿಸಿ, ರಫೂ ಅಣ್ಣ ದುಡ್ಡು ಕೊಟ್ಟು ಕೊಂಡ. ಅಷ್ಟು ಖುಷಿಯಿಂದ ಅವನು ಜೀವಮಾನದಲ್ಲಿ ಏನನ್ನೂ ಕೊಂಡಿರಲಿಲ್ಲ.

ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದ. ಮುಚ್ಚಿಡಲು ಮನಸ್ಸಾಗಲಿಲ್ಲ. ಅವಳು ಬೈಯಲಿಲ್ಲ. ಪ್ಯಾಂಟಿನಿಂದ ಒಂದೆಳೆ ಎಳೆದು ಕೋಟಿನ ತೋಳಿನ ಮೇಲೆ ಇಟ್ಟಳು, ಕಿಟಕಿಗೆ ಹಿಡಿದಳು, ಓರೆ ಮಾಡಿದಳು, ಮತ್ತೆ ನೆಟ್ಟಗೆ ಹಿಡಿದಳು.

"ಎಳೆ ಎಲ್ಲಿ ಹೋಯ್ತಪ್ಪಾ? ಬಿದ್ದೋಯ್ತಾ?"

"ಅಲ್ಲೇ ಇದೆ, ನೋಡು."

ಅವಳು ಬೆರಳಿನಿಂದ ತಡವಿ ಹುಡುಕಬೇಕಾಯಿತು. "ಬಣ್ಣ ಕಾಣುತ್ತೆ ನಿನಗೆ," ಎಂದಳು. "ಮತ್ತೆ ಏನು ಕಾಣಲ್ಲ?"

ರಫೂ ಅಣ್ಣ ಸೂಜಿಯನ್ನೂ ಎಳೆಯನ್ನೂ ಅವಳ ಮುಂದೆ ಚಾಚಿದ. "ಇದರ ಕಣ್ಣು," ಎಂದ. ಹೇಳಿದ ಮೇಲೆ ಮನಸ್ಸು ಹಗುರಾಯಿತು.

ಶುಕ್ರವಾರ ಟೀಚರಮ್ಮ ಕೋಟಿನ ಎರಡೂ ತೋಳು ತಿರುಗಿಸಿ ನೋಡಿ, ಸುಟ್ಟದ್ದು ಯಾವುದು ಎಂದು ಕೇಳಿದರು. ಬೋರ್ಡು ಈಗಲೂ ಅಲ್ಲೇ ಇದೆ. ಮಗಳು ಕೆಲಸಕ್ಕೆ ಹೊರಡುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ಕುರ್ಚಿಯ ಕೈಗೆ ಚುಚ್ಚಿಟ್ಟು ಹೋಗುತ್ತಾಳೆ.