ನಿಂತೇ ನಕ್ಕ ಬಾಗಿಲಣ್ಣಯ್ಯ

ಮೊನ್ನೆ ಅಮ್ಮನ ಶುಗರ್ ಮಾತ್ರೆ ತರಲು ಕುಂದಾಪುರ ಪೇಟೆಗೆ ಹೋಗಿದ್ದೆ. ಮೆಡಿಕಲ್ ಅಂಗಡಿಯವನು ಯಾರಿಗೋ ಕಾಲುಚೀಲ ತೋರಿಸುತ್ತಿದ್ದ. ಮಕ್ಕಳು ಶಾಲೆಗೆ ಹಾಕಿಕೊಂಡು ಹೋಗುವಂಥದ್ದಲ್ಲ. ಚರ್ಮದ ಬಣ್ಣದ್ದು, ಮೊಣಕಾಲಿನವರೆಗೆ ಬರುವಂಥದ್ದು, ಹಾಕಿಕೊಳ್ಳುವಷ್ಟರಲ್ಲಿ ಬೆವರಿಳಿಸುವಷ್ಟು ಬಿಗಿ. ಕಾಲಿನ ನರ ಉಬ್ಬಿದವರು ಹಾಕುತ್ತಾರೆ. ಪೊಟ್ಟಣ ಬಿಚ್ಚಿದಾಗ ಬಂದ ಹೊಸ ರಬ್ಬರಿನ ವಾಸನೆಗೆ ನಾನು ಬಂದ ಕೆಲಸವನ್ನೇ ಮರೆತೆ. ಬಾಗಿಲಣ್ಣಯ್ಯ ನೆನಪಾಗಿದ್ದರು.

ಅಣ್ಣಯ್ಯ ಅಂದರೆ ಒಡಹುಟ್ಟಿದವರಲ್ಲ. ನಾನು ಬ್ರಹ್ಮಾವರದವಳು, ಅವರು ಕುಂದಾಪುರದ ಆಚೆಯ ನಾವುಂದದವರು. ನಾವು ಒಬ್ಬರನ್ನೊಬ್ಬರು ಕಂಡದ್ದು ಗಲ್ಫಿನ ಒಂದು ಕ್ಲಬ್ಬಿನಲ್ಲಿ. ಹತ್ತಾರು ದೇಶದವರು ಸದಸ್ಯರಾಗಿದ್ದ ದೊಡ್ಡ ಕ್ಲಬ್ಬು ಅದು. ಈಜುಕೊಳ, ಟೆನಿಸ್ ಅಂಗಳ, ಬಾರು, ಮಕ್ಕಳಿಗೆ ಆಟದ ಕೋಣೆ, ಎಲ್ಲವೂ ಇತ್ತು. ನನ್ನ ಗಂಡನಿಗೆ ಅದೇ ಊರಿನಲ್ಲಿ ಕೆಲಸವಿದ್ದುದರಿಂದ ನಾನು ಕ್ಲಬ್ಬಿನ ರಿಸೆಪ್ಶನ್ನಿಗೆ ಸೇರಿಕೊಂಡಿದ್ದೆ. ಅಣ್ಣಯ್ಯನದು ಎದುರಿನ ಗಾಜಿನ ಬಾಗಿಲು ತೆಗೆಯುವ, ಹಾಕುವ ಕೆಲಸ. ನಾನು ದಿನವಿಡೀ ಕೂತವಳು, ಅವರು ದಿನವಿಡೀ ನಿಂತವರು. ನಾನು ಸೇರಿದ ಹೊಸತರಲ್ಲಿ ಫೋನಿನಲ್ಲಿ ಅಮ್ಮನ ಜೊತೆ ಮಾತಾಡಿದ್ದು ಕಿವಿಗೆ ಬಿದ್ದು, ಬಾಗಿಲ ಹತ್ತಿರದಿಂದಲೇ ಮೆಲ್ಲಗೆ ಕೇಳಿದ್ದರು.

"ಹ್ವಾಯ್, ಯಾವೂರಾಯ್ತ್ ನಿಮ್ದ್?"

ಆ ತಣ್ಣನೆಯ ಎಸಿ ಹಾಲಿನಲ್ಲಿ ಅದನ್ನು ಕೇಳಿ ನನಗೆ ಅಳು ಬರುವುದೊಂದು ಬಾಕಿ. ಅವತ್ತಿನಿಂದ ಅವರು ಅಣ್ಣಯ್ಯ, ನಾನು ತಂಗಿ. ಅಲ್ಲಿ ನಮ್ಮ ಮಾತು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಎದುರಿಗೆ ಹೋಗುವವರ ಟೋಪಿ, ನಡಿಗೆ, ನಾಯಿ ಎಲ್ಲದರ ಬಗ್ಗೆಯೂ ಧಾರಾಳವಾಗಿ ಆಡಿಕೊಳ್ಳುತ್ತಿದ್ದೆವು.

ಅವರ ಮನೆಯವರು ಕಡಲಿನ ಕೆಲಸದವರು. ಅಪ್ಪ ದೋಣಿಗೆ ಹೋಗುತ್ತಿದ್ದರು, ಅಮ್ಮ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಿದ್ದರು. ಅಣ್ಣಯ್ಯನಿಗೆ ಮಾತ್ರ ದೋಣಿ ಹತ್ತಿದರೆ ವಾಂತಿ. ಹಾಗಾಗಿ ಮೊದಲು ಮುಂಬೈಯ ಹೋಟೆಲು, ಆಮೇಲೆ ಈ ಬಾಗಿಲು. ಮೀನುಗಾರರ ಮನೆಯಲ್ಲಿ ಹುಟ್ಟಿ ಕಡಲಿಗೆ ಹೆದರಿದವನು ನಾನೊಬ್ಬನೇ ಇರಬೇಕು ಅಂತ ತಾವೇ ಹೇಳಿ ನಗುತ್ತಿದ್ದರು. ಆ ನಗು ಮಾತ್ರ ನಿಜಕ್ಕೂ ಚಂದ. ಬರುವ ಒಬ್ಬೊಬ್ಬರಿಗೂ ಅವರವರ ಭಾಷೆಯಲ್ಲೇ ನಮಸ್ಕಾರ ಹೇಳುತ್ತಿದ್ದರು. ಯಾರ ಮಗುವಿಗೆ ಜ್ವರ, ಯಾರ ಅಜ್ಜಿ ಬಂದಿದ್ದಾರೆ ಎಂದು ನೆನಪಿಟ್ಟುಕೊಂಡು ವಿಚಾರಿಸುತ್ತಿದ್ದರು. ಜನ ಅವರನ್ನು ಮೆಚ್ಚಿಕೊಂಡದ್ದರಲ್ಲಿ ಸುಳ್ಳಿರಲಿಲ್ಲ. ಅದನ್ನು ನಾನು ಇವತ್ತಿಗೂ ಹೇಳುತ್ತೇನೆ.

ಆದರೆ ಆ ಕಾಲು… ಡ್ಯೂಟಿ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಅವರು ಆ ಬಿಗಿ ಚೀಲ ಕಳಚುವುದನ್ನು ಒಮ್ಮೆ ನೋಡಿದೆ. ಮೀನಖಂಡದಲ್ಲಿ ನರಗಳು ನೀಲಿಯಾಗಿ ಗಂಟುಗಂಟಾಗಿ ಎದ್ದಿದ್ದವು, ಪಾದದ ಗಂಟಿನ ಹತ್ತಿರ ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು. ಡಾಕ್ಟರು ನಿಲ್ಲುವ ಕೆಲಸ ಬಿಡಿ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಿದ್ದರಂತೆ. ಹೇಳುವುದಕ್ಕೆ ಅವರಿಗೇನು ಕಷ್ಟ!

ಅಷ್ಟರಲ್ಲಿ ಈಜುಕೊಳದ ಹತ್ತಿರ ಟವಲ್ ಕೊಡುವ ಕೌಂಟರಿನವನು ಕೆಲಸ ಬಿಟ್ಟು ಊರಿಗೆ ಹೋದ. ಅದು ಕೂತು ಮಾಡುವ ಕೆಲಸ. ಟವಲ್ ಕೊಡಬೇಕು, ವಾಪಸ್ ತೆಗೆದುಕೊಳ್ಳಬೇಕು, ಅಷ್ಟೇ. ಅಣ್ಣಯ್ಯ ಒಂದು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದರು.

"ತಂಗಿ, ಆ ಟವಲ್ ಕೌಂಟರಿಗೆ ಜನ ಬೇಕಂಬ್ರಲೆ. ನಾನ್ ಕೇಂಡ್ರೆ ಕೊಡ್ತ್ರಾ?"

ಕೇಳಿ ಅಣ್ಣಯ್ಯ, ಬಾಯಿ ಬಿಡದಿದ್ದರೆ ಯಾರು ಕೊಡುತ್ತಾರೆ ಎಂದೆ. ಕೇಳಿದರು. ಮ್ಯಾನೇಜರು ಒಳ್ಳೆಯ ಮನುಷ್ಯನೇ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯದ ಮಾತು. ನೋಡೋಣ, ಬಹುಶಃ ಮುಂದಿನ ತಿಂಗಳಿಂದ ಎಂದರು. ಆ ತಿಂಗಳೆಲ್ಲ ಅಣ್ಣಯ್ಯನ ಬಾಯಲ್ಲಿ ಟವಲಿನದೇ ಮಾತು. ಹಬ್ಬಕ್ಕೆ ಹೊಸಬಟ್ಟೆ ಬರುತ್ತದೆಂದು ಕಾಯುವ ಮಕ್ಕಳ ಹಾಗಿದ್ದರು.

ಅದೇ ಹೊತ್ತಿಗೆ ಕ್ಲಬ್ಬಿನಲ್ಲಿ ವರ್ಷದ ಉತ್ತಮ ಸಿಬ್ಬಂದಿಯನ್ನು ಆರಿಸುವ ಸಮಯ ಬಂತು. ಸದಸ್ಯರೇ ವೋಟು ಹಾಕುವ ಪದ್ಧತಿ. ಅಣ್ಣಯ್ಯನ ಎದುರು ಬೇರೆ ಯಾರೂ ನಿಲ್ಲುವ ಹಾಗೇ ಇರಲಿಲ್ಲ. ಹಾಲಿನಲ್ಲಿ ಸಮಾರಂಭ ಮಾಡಿದರು, ವೇದಿಕೆಯಲ್ಲಿ ನಿಲ್ಲಿಸಿ ಒಬ್ಬರಾದ ಮೇಲೊಬ್ಬರು ಹೊಗಳಿದರು, ಗಾಜಿನ ಫಲಕ ಕೊಟ್ಟರು. ಜೊತೆಗೆ ಕ್ಲಬ್ಬಿನ ರೆಸ್ಟೋರೆಂಟಿನಲ್ಲಿ ದಂಪತಿಗೆ ಊಟದ ಕೂಪನ್. ಹೆಂಡತಿ ಇದ್ದದ್ದು ನಾವುಂದದಲ್ಲಿ. ಅಣ್ಣಯ್ಯ ಎಲ್ಲದಕ್ಕೂ ನಕ್ಕರು.

ಮುಂದಿನ ವಾರ ಟವಲಿನ ವಿಷಯ ಕೇಳಲು ಹೋದರೆ ಮ್ಯಾನೇಜರಿಗೆ ಆಶ್ಚರ್ಯವಾಯಿತಂತೆ. ಇಡೀ ಕ್ಲಬ್ಬು ನಿಮ್ಮ ಮುಖಕ್ಕೆ ವೋಟು ಹಾಕಿದೆ, ಆ ಮುಖವನ್ನು ನಾನು ಟವಲಿನ ರಾಶಿಯ ಹಿಂದೆ ಬಚ್ಚಿಡಲೇ, ಸದಸ್ಯರು ನನ್ನನ್ನು ಬಿಡುತ್ತಾರೆಯೇ ಎಂದು ಬೆನ್ನು ತಟ್ಟಿ ಕಳಿಸಿದರು. ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗೆಯುವುದು ಅಂದರೆ ಇದೇ. ಬಾಗಿಲ ಹತ್ತಿರ ಒಂದು ಸ್ಟೂಲಾದರೂ ಹಾಕಲಿ ಎಂದು ನಾನು ಮ್ಯಾನೇಜರ ಹತ್ತಿರ ಜಗಳಕ್ಕೇ ಹೋದೆ. ಬಾಗಿಲಿನವನು ಕೂತರೆ ಕ್ಲಬ್ಬಿಗೆ ಶೋಭೆಯಲ್ಲವಂತೆ. ಟವಲ್ ಕೌಂಟರಿಗೆ ಹೊಸಬರು ಯಾರೋ ಬಂದರು.

ಪ್ರಶಸ್ತಿಯ ಫೋಟೋ ಊರಿಗೆ ತಲುಪದೆ ಇರುತ್ತದೆಯೇ? ವಾಟ್ಸಾಪಿನಲ್ಲಿ ಹೋಯಿತು, ಸ್ಥಳೀಯ ಪತ್ರಿಕೆಯಲ್ಲೂ ಬಂತು. ಅಣ್ಣಯ್ಯ ರಜೆಯಲ್ಲಿ ಬರುವುದನ್ನೇ ಕಾದಿದ್ದು ಊರಿನ ಯುವಕ ಮಂಡಲದವರು ಸನ್ಮಾನ ಇಟ್ಟುಕೊಂಡರು. ನಮ್ಮ ಕಡೆ ಸನ್ಮಾನ ಅಂದರೆ ಗೊತ್ತಲ್ಲ, ವೇದಿಕೆಯ ನಡುವೆ ದೊಡ್ಡ ಕುರ್ಚಿ, ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಆಗ ನಾನೂ ಊರಿನಲ್ಲಿದ್ದೆ, ಹೋಗಿದ್ದೆ. ಶಾಲೆಯ ಅಂಗಳ ತುಂಬ ಜನ. ಅಣ್ಣಯ್ಯನ ಹೆಂಡತಿ, ನನ್ನ ಅತ್ತಿಗೆ ಅನ್ನಿ, ಮುಂದಿನ ಸಾಲಿನಲ್ಲಿ ಹೊಸ ಸೀರೆಯುಟ್ಟು ಕೂತಿದ್ದರು. ನಾವುಂದದ ಹೆಸರನ್ನು ಕಡಲಾಚೆ ಬೆಳಗಿಸಿದ ಮಹನೀಯ ಎಂದೆಲ್ಲ ಸನ್ಮಾನಪತ್ರ ಓದಿದರು.

ಎಲ್ಲ ಮುಗಿಯಿತು. ಮುಂದೆ ನಾಟಕವಿತ್ತು, ವೇದಿಕೆ ಖಾಲಿ ಮಾಡಬೇಕು. ಗಣ್ಯರೆಲ್ಲ ಇಳಿದರು, ಅಣ್ಣಯ್ಯ ಏಳಲಿಲ್ಲ. ಮಂಡಲದವರೊಬ್ಬರು ಹತ್ತಿರ ಬಂದು ಕೈ ಕೊಟ್ಟರು. ಮೈಕು ಇನ್ನೂ ಆನ್ ಇತ್ತು, ಅಣ್ಣಯ್ಯ ಹೇಳಿದ್ದು ಅಂಗಳಕ್ಕೆಲ್ಲ ಕೇಳಿತು.

"ಇನ್ನೊಂಚೂರ್ ಕೂಕಂತೆ ಮಾರಾಯ್ರೆ."

ಜನ ಹೋ ಎಂದು ನಕ್ಕರು. ಕುರ್ಚಿಯ ರುಚಿ ಹತ್ತಿತು ಎಂದು ಯಾರೋ ತಮಾಷೆ ಮಾಡಿದರು. ಅತ್ತಿಗೆಯೂ ನಾಚಿ ನಕ್ಕರು. ನನಗೆ ಆ ಜನರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರಿಗೇನು ಗೊತ್ತಿತ್ತು ಪಾಪ… ಪಂಚೆಯ ಒಳಗಿನ ಕಾಲನ್ನು ಅಣ್ಣಯ್ಯ ಯಾರಿಗೂ ತೋರಿಸಿರಲಿಲ್ಲ. ಮನೆಯಲ್ಲೂ ಬಿಸಿಲಿಗೆ ಕಪ್ಪಾದದ್ದು ಎಂದಿದ್ದರಂತೆ.

ಆಮೇಲೆ ಒಬ್ಬರೇ ಸಿಕ್ಕಾಗ ಕೈಮುಗಿದು ಹೇಳಿದೆ, ಅಣ್ಣಯ್ಯ, ಈ ಸಲ ವಾಪಸ್ ಹೋಗಬೇಡಿ, ತಲ್ಲೂರಿನಲ್ಲೋ ಕುಂದಾಪುರದಲ್ಲೋ ಸಣ್ಣದೊಂದು ಅಂಗಡಿ ಇಟ್ಟುಕೊಂಡು ಕೂತಿರಿ ಅಂತ. ಅವರು ಹೆಗಲ ಮೇಲಿನ ಶಾಲನ್ನು ಮಡಚುತ್ತಿದ್ದರು.

"ಊರವ್ರೆಲ್ಲ ಸೇರಿ ಇದನ್ನ್ ಹೊದ್ಸಿರ್. ನಾಳೆ ಕೆಲ್ಸ ಬಿಟ್ ಬಂದೆ ಅಂದ್ರೆ ಯಾರಿಗೆ ಮುಖ ತೋರ್ಸುದ್ ತಂಗಿ?"

ಅಲ್ಲಿಯ ಫಲಕ ಸಾಲದ್ದಕ್ಕೆ ಇಲ್ಲಿಯ ಶಾಲು ಬೇರೆ. ಅತ್ತ ದರಿ, ಇತ್ತ ಪುಲಿ. ಅಣ್ಣಯ್ಯ ಹೋದರು. ರಜೆ ಮುಗಿಸಿ ನಾನೂ ಹೋದೆ.

ಅದಾಗಿ ಕೆಲವು ತಿಂಗಳಿಗೆ, ಒಂದು ಶುಕ್ರವಾರ. ಅಲ್ಲಿ ಶುಕ್ರವಾರ ರಜೆ, ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆಯಿಂದಲೇ ಅಣ್ಣಯ್ಯ ಯಾಕೋ ಏದುಸಿರು ಬಿಡುತ್ತಿದ್ದರು. ಡಾಕ್ಟರ ಹತ್ತಿರ ಹೋಗಿ ಎಂದರೆ, ಇಷ್ಟು ಜನ ಇದ್ದಾಗ ಹ್ಯಾಗೆ, ಸಂಜೆ ಹೋಗುತ್ತೇನೆ ಎಂದರು. ಮಧ್ಯಾಹ್ನ ಒಂದು ಕುಟುಂಬಕ್ಕೆ ಬಾಗಿಲು ತೆಗೆದರು, ಅವರು ಒಳಗೆ ಬಂದರು, ಅಣ್ಣಯ್ಯ ಹಿಡಿಕೆ ಬಿಡದೆ ಹಾಗೇ ಕುಸಿದರು. ನಾನು ಓಡಿ ಹೋಗಿ ತಲೆಯನ್ನು ಮಡಿಲಿಗೆ ಇಟ್ಟುಕೊಂಡೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಹೋಗಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅವರ ದೇಹ ನಾವುಂದಕ್ಕೆ ಹೋಯಿತು. ನನಗೆ ಜೊತೆಯಲ್ಲಿ ಬರಲಾಗಲಿಲ್ಲ. ಆ ವರ್ಷವೇ ಕೆಲಸ ಬಿಟ್ಟು ಊರಿಗೆ ಬಂದೆ. ಆ ಬಾಗಿಲನ್ನು ನೋಡಿಕೊಂಡು ಕೂರುವುದು ನನ್ನಿಂದ ಸಾಧ್ಯವಿರಲಿಲ್ಲ.

ಕ್ಲಬ್ಬಿನವರು ಸುಮ್ಮನಿರಲಿಲ್ಲ ಅನ್ನಿ. ಸದಸ್ಯರೆಲ್ಲ ಸೇರಿ ಬಾಗಿಲ ಪಕ್ಕದಲ್ಲೇ ತೇಗದ ಮರದ ಚಂದದ ಬೆಂಚೊಂದನ್ನು ಹಾಕಿಸಿ, ಹಿತ್ತಾಳೆ ತಗಡಿನಲ್ಲಿ ಅಣ್ಣಯ್ಯನ ಹೆಸರು ಕೆತ್ತಿಸಿದರು. ಫೋಟೋ ನೋಡಿ ನನಗೂ ಒಂದು ಕ್ಷಣ ಸಂತೋಷವಾಯಿತು. ಹೊಸ ಬಾಗಿಲಿನವನು ಅದರ ಮೇಲೆ ಕೂರುತ್ತಾನಾ ಎಂದು ಅಲ್ಲಿಯ ಗೆಳತಿಗೆ ಫೋನ್ ಮಾಡಿ ಕೇಳಿದೆ. ಛೇ, ಅದು ಕಾರಿಗಾಗಿ ಕಾಯುವ ಸದಸ್ಯರಿಗೆ, ಸ್ಟಾಫ್ ಕೂರುವಂತಿಲ್ಲ ಎಂದಳು. ಅವನು ಅದರ ಪಕ್ಕದಲ್ಲೇ ನಿಂತಿರುತ್ತಾನಂತೆ.

ಮೆಡಿಕಲ್ ಅಂಗಡಿಯಿಂದ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ನಿನ್ನೆ ಬಸ್ಸು ಹತ್ತಿ ನಾವುಂದಕ್ಕೆ ಹೋದೆ. ಅತ್ತಿಗೆ ಸೊರಗಿದ್ದಾರೆ. ಚಹಾ ಕೊಟ್ಟು, ಫೋನು ತಂದು ನನ್ನ ಪಕ್ಕದಲ್ಲೇ ಕೂತು ಆ ಬೆಂಚಿನ ಫೋಟೋ ತೋರಿಸಿದರು. ಮನೆಗೆ ಬಂದವರಿಗೆಲ್ಲ ತೋರಿಸುತ್ತಾರಂತೆ. ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು.

"ಇನ್ನ್ ಮೇಲೆ ಅಲ್ಲಿ ಬಾಗ್ಲಲ್ ನಿಂತವ್ರಿಗೆ ಕೂಕಂಬುಕೆ ಅಲ್ದಾ ಇದ್?"

"ಹೌದ್ ಅತ್ತಿಗೆ," ಎಂದೆ.

ಹಾಗಾದರೆ ಅವರು ಹೋದದ್ದಕ್ಕೂ ಒಂದು ಅರ್ಥವಾಯಿತು ಎಂದು ಅತ್ತಿಗೆ ಕಣ್ಣೊರೆಸಿಕೊಂಡರು. ನನಗೆ ಅವರ ಮುಖ ನೋಡಲಾಗಲಿಲ್ಲ. ಯಾರ ಮನೆಯ ಮಗನೋ ಈಗ ಆ ಬೆಂಚಿನ ಪಕ್ಕ ನಿಂತು ನಗುತ್ತಿರುತ್ತಾನೆ… ಅವನಿಗೆ ಮಾತ್ರ ಯಾವ ಪ್ರಶಸ್ತಿಯೂ ಬಾರದಿರಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.