ಎಡಗಡೆ ಅರ್ಧ ಬೆರಳು ಎತ್ತರ

ಆ ಶನಿವಾರ ನಾವು ಹೈದರಾಬಾದಿನ ಮಿಯಾಪುರದಿಂದ ಮುಂಬೈ ಹೆದ್ದಾರಿ ಹಿಡಿದು ಹೋಗಿ, ಒಂದು ಬತ್ತಿದ ಕೆರೆಯ ಅಂಗಳಕ್ಕೆ ಇಳಿದಿದ್ದೆವು. ನನ್ನ ಗಂಡ ಓಡಿಸುತ್ತಿದ್ದರು, ನಾನು ಎಡಗಡೆ ಕೂತಿದ್ದೆ. ನಮ್ಮದು ಎರಡು ಸಾಲು ಸೀಟು, ಅದರ ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್ ಟ್ರಕ್ಕು. ಸಾಮಾನು ಹೇರಲಿಕ್ಕೆ ತೊಗೊಂಡದ್ದಲ್ಲ. ಇಂಜಿನ್ನಿನ ಜೋರು ಹೆಚ್ಚಿಸಿ, ದಪ್ಪ ಟಯರು ಹಾಕಿಸಿ, ರಜೆಯ ದಿನ ಕಲ್ಲುಮಣ್ಣಿನಲ್ಲಿ ಓಡಿಸಲಿಕ್ಕೆಂದೇ ಇಟ್ಟುಕೊಂಡದ್ದು. ನಮ್ಮ ವಯಸ್ಸಿನವರು ಯಾತ್ರೆಗೆ ಹೋಗುತ್ತಾರೆ. ನಾವು ಕೆರೆಯಂಗಳಕ್ಕೆ ಹೋಗುತ್ತಿದ್ದೆವು.

ಒಂದು ದಿಬ್ಬ ದಾಟಿಸಿ ಅವರು ಗಾಡಿ ನಿಲ್ಲಿಸಿದರು. ಯಾವಾಗಲೂ ಕೇಳುವುದನ್ನೇ ಕೇಳಿದರು.

"ಹೆಂಗ ಅನಸ್ತು?"

"ಹಿಂದ ರೊಟ್ಟಿ ಬಡಿಯಾಕತ್ತೈತಿ."

"ಮುಂದ?"

"ಮುಂದ ತೊಟ್ಟಿಲ. ಒಮ್ಮೆ ತೂಗಿದ್ರ ನಿಲ್ಲಂಗೇ ಇಲ್ಲ."

"ನಿನ್ನ ಟೊಂಕದಂಥಾ ಮೀಟರ್ ಯಾ ಅಂಗಡ್ಯಾಗೂ ಸಿಗಂಗಿಲ್ಲ ಬಿಡು" ಎಂದು ನಕ್ಕರು.

ಶಾಕ್ ಅಬ್ಸಾರ್ಬರುಗಳು ಸವೆದಿದ್ದವು. ಅವರು ಹೊಸವಕ್ಕೆ ಆರ್ಡರ್ ಕೊಟ್ಟಿದ್ದರು. ಬೇಕಾದಂತೆ ಹೊಂದಿಸಿಕೊಳ್ಳುವಂಥವು. ಒಂದು ತಿರುಪು ತಿರುಗಿಸಿದರೆ ಗಟ್ಟಿಯಾಗುತ್ತವೆ, ಹಿಂದಕ್ಕೆ ತಿರುಗಿಸಿದರೆ ಮೆತ್ತಗಾಗುತ್ತವೆ. ಮುಂದಿನವಕ್ಕೆ ಸ್ಪ್ರಿಂಗಿನ ಕೆಳಗೆ ಒಂದು ರಿಂಗು ಇರುತ್ತದೆ, ಅದನ್ನು ಮೇಲೇರಿಸಿದರೆ ಆ ಬದಿ ಎತ್ತರವಾಗುತ್ತದೆ.

"ಅವು ಬರ್ಲಿ, ತೊಟ್ಟಿಲಾನೂ ಇರಂಗಿಲ್ಲ, ರೊಟ್ಟಿನೂ ಇರಂಗಿಲ್ಲ."

"ಹಂಗಾದ್ರ ಮನ್ಯಾಗಿನ ರೊಟ್ಟಿ ಇನ್ನ ನೀವೇ ಬಡೀರಿ."

ಸೋಮವಾರ ಬೆಳಿಗ್ಗೆ ಆಫೀಸಿಗೆಂದು ಬೂಟಿನ ಲೇಸು ಕಟ್ಟುತ್ತಿದ್ದವರು ಗೋಡೆಗೆ ಒರಗಿದರು. ಲೇಸು ಅರ್ಧಕ್ಕೇ ಉಳಿಯಿತು. ಹೃದಯ ನಿಂತಿತ್ತು ಎಂದು ಡಾಕ್ಟರು ಹೇಳಿದರು.

ದಿನಕರ್ಮ ಮುಗಿಯುವ ಮೊದಲೇ ಆ ಹೊಸ ಶಾಕ್‌ಗಳ ಡಬ್ಬ ಬಂತು. ಸೂತಕದ ಮನೆಯೊಳಗೆ ಹೊಸ ಸಾಮಾನು ಬರಬಾರದೆಂದು ನನ್ನ ನೆಗೆಣ್ಣಿ ಅದನ್ನು ಹೊರಗೆ ಚಪ್ಪಲಿಗಳ ಹತ್ತಿರ ಇಡಿಸಿದಳು. ಬಂದವರೆಲ್ಲ ಅದನ್ನು ದಾಟಿಕೊಂಡೇ ಒಳಗೆ ಬಂದರು, ದಾಟಿಕೊಂಡೇ ಹೋದರು.

ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಕಾಚಿಗೂಡದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಹೇಳುವುದನ್ನು ಮುಖದ ಮೇಲೆ ಹೇಳುತ್ತಾರೆ.

"ಆ ಡಬ್ಬಿ ವಾಪಸ್ ಕಳಿಸು ತಂಗಿ. ಗಾಡಿನೂ ಮಾರಿಬಿಡು. ಒಬ್ಬಾಕಿ ಹೆಣ್ಮಗಳಿಗೆ ಲಾರಿ ಯಾಕ?"

"ಲಾರಿ ಅಲ್ರಿ ಭಾವಾರ, ಪಿಕಪ್."

"ಏನರ ಆಗ್ಲಿ. ಯಾರು ಓಡಸ್ತಾರ?"

"ನಾನು."

ಜ್ವರದಲ್ಲಿ ಬಡಬಡಿಸುವವರನ್ನು ನೋಡುವಂತೆ ನನ್ನನ್ನು ನೋಡಿದರು. ನಾನು ಹೆಚ್ಚು ಓದಿದವಳಲ್ಲ, ಮಾತೂ ಕಡಿಮೆ. ಇಷ್ಟು ವರ್ಷ ಆ ಮನೆಯಲ್ಲಿ ನಾನು ಎದುರು ಮಾತಾಡಿದ್ದಿಲ್ಲ. ಆದರೆ ಓಡಿಸಲು ಬರುತ್ತಿತ್ತು. ಅವರೇ ಕಲಿಸಿದ್ದರು. ನಾನು ಓಡಿಸಿದಾಗಲೆಲ್ಲ ಅವರು ಎಡಗಡೆ ಕೂತಿರುತ್ತಿದ್ದರು, ಅಷ್ಟೇ.

ನೆಂಟರು ಹೋದ ಮೇಲೆ ಒಂದು ಬೆಳಿಗ್ಗೆ ನಾನೇ ಡಬ್ಬವನ್ನು ಎಳೆದು ತೊಟ್ಟಿಗೆ ಹಾಕಿದೆ. ನೆಲಮಾಳಿಗೆಯ ಪಾರ್ಕಿಂಗಿನಿಂದ ಗಾಡಿ ಮೇಲೆ ಬರುವಾಗ ಅಪಾರ್ಟ್‌ಮೆಂಟಿನ ಹೆಂಗಸರು ನಿಂತು ನೋಡಿದರು. "ಒಕ್ಕರೇನಾ ಆಂಟೀ?" ಎಂದು ಒಬ್ಬಳು ತೆಲುಗಿನಲ್ಲಿ ಕೇಳಿದಳು. ಹೌದು, ಒಬ್ಬಳೇ ಎಂದೆ. ಕಿಟಕಿ ಏರಿಸಲಿಲ್ಲ. ನೋಡಲಿ.

ಹೆದ್ದಾರಿಯ ಮಗ್ಗುಲಿನ ಶೆಡ್ಡಿನ ಮೇಸ್ತ್ರಿ ಬೀದರ ಕಡೆಯವರು. ನಾವು ಉಸ್ತಾದ್ ಎಂದೇ ಕರೆಯುವುದು. ಅವರು ಡಬ್ಬವನ್ನು ನೋಡಿ ಕೈ ಒರೆಸಿಕೊಳ್ಳುತ್ತಾ ನಿಂತರು.

"ಸಾಹೇಬ್ರಿಲ್ದ ಈ ಕೆಲ್ಸ ನನ್ನಿಂದ ಆಗಂಗಿಲ್ಲ ಭಾಬಿ."

"ಅವರಿದ್ದಾಗ ಬೈಸ್ಕೊಂಡ ಮಾಡ್ತಿದ್ರಿ. ಈಗ ನಾ ಬೈತೀನಿ, ನಡೀರಿ."

ಜಾಕು ಹಚ್ಚಿ ಗಾಲಿ ಬಿಚ್ಚಿದರು. ಹಿಂದಿನ ಎರಡೂ ಶಾಕ್‌ಗಳು ಕಮಾನು ಪಟ್ಟಿಯ ಪಕ್ಕದಿಂದ ಸುಲಭವಾಗಿ ಬಂದವು. ಮುಂದಿನವುಗಳ ಕೆಳಗಿನ ಬೋಲ್ಟು ಜಂಗು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಕಾದು, ಸುತ್ತಿಗೆಯಿಂದ ಹೊಡೆದು, ಉಸ್ತಾದ್ ಇಡೀ ಹೈದರಾಬಾದಿನ ಕಬ್ಬಿಣವನ್ನೇ ಬೈದರು. ಹಳೆಯದನ್ನು ತೆಗೆದು ನೆಲಕ್ಕೆ ಊರಿ ಒತ್ತಿದರೆ ಅದರ ಸರಳು ಒಳಗೆ ಹೋಯಿತು, ಮೇಲೆ ಬರಲಿಲ್ಲ. ನಾನು ಮುಖ ತಿರುಗಿಸಲಿಲ್ಲ.

ಗಾಡಿ ಹಾಗೆ ಗಾಲಿಯಿಲ್ಲದೆ ನಿಂತಿದ್ದಾಗಲೇ ಭಾವನವರು ಬಂದರು. ಮನೆಗೆ ಹೋಗಿ, ವಾಚ್‌ಮನ್ನನ್ನು ಕೇಳಿ, ಹುಡುಕಿಕೊಂಡು ಬಂದಿದ್ದರು. ಜೊತೆಗೆ ಗಾಡಿ ಕೊಳ್ಳುವವನೊಬ್ಬ ಇದ್ದ. ಅವನು ಸುತ್ತ ಒಂದು ಸಲ ತಿರುಗಿ, ಇದನ್ನು ಓಡಿಸಿ ನೋಡುವುದು ಹೇಗೆ ಎಂದು ಹಿಂದಿಯಲ್ಲಿ ಕೇಳಿದ.

"ನೋಡಬ್ಯಾಡ್ರಿ" ಎಂದೆ. "ಇದು ಮಾರಾಕಿಲ್ಲ."

ಅವನು ಭಾವನವರ ಮುಖ ನೋಡಿದ. ಅವರು ನನ್ನ ಮುಖ ನೋಡಿದರು. ಆಮೇಲೆ ಅವನು ತನ್ನ ಬೈಕಿನ ಕಡೆ ನಡೆದ.

"ಹಟ ಮಾಡಬ್ಯಾಡ ತಂಗಿ" ಎಂದರು ಭಾವನವರು. ದನಿ ಸಣ್ಣದಾಗಿತ್ತು. "ಈ ಗಾಡಿ ಕಂಡ್ರ ನನಗ ಅವನೇ ಕಂಡಂಗ ಆಗ್ತೈತಿ. ತಡಕೊಳ್ಳಾಕ ಆಗಂಗಿಲ್ಲ."

"ನನಗೂ ಕಾಣಸ್ತಾರ್ರಿ. ಅದಕ್ಕೇ ಮಾರಂಗಿಲ್ಲ."

ಉಸ್ತಾದ್ ಹೊಸವನ್ನು ಕೂಡಿಸಿ, ಗಾಲಿ ಹಾಕಿ, ಜಾಕು ಇಳಿಸಿದರು. ಬೋಲ್ಟುಗಳನ್ನು ಗಾಡಿ ಎತ್ತಿದ್ದಾಗ ಪೂರ್ತಿ ಬಿಗಿಯುವ ಹಾಗಿಲ್ಲ. ಅದು ನೆಲದ ಮೇಲೆ ನಿಂತು ತನ್ನ ಭಾರ ತಾನು ಹೊತ್ತ ಮೇಲೇ ಕೊನೆಯ ಬಿಗಿ. ಇಲ್ಲವಾದರೆ ಒಳಗಿನ ರಬ್ಬರು ತಿರುಚಿ ಹರಿಯುತ್ತದೆ. ಎತ್ತರ ಹೊಂದಿಸುವುದೂ ಆಗಲೇ. ಅದಕ್ಕಾಗಿ ಉಸ್ತಾದ್ ಕೇಳಲೇಬೇಕಾಯಿತು.

"ಗಾಡ್ಯಾಗ ಎಷ್ಟು ಮಂದಿ ಕೂಡ್ತೀರಿ ಭಾಬಿ?"

"ಇಬ್ಬರು. ನಾ ಓಡಸ್ತೀನಿ, ಎಡಗಡಿ ಅವರು."

ಉಸ್ತಾದ್ ಪಾನಾ ಕೆಳಗಿಟ್ಟರು. "ಹಂಗ ಸೆಟ್ ಮಾಡಿದ್ರ, ನೀವು ಒಬ್ರ ಹೋಗೂಮುಂದ ಎಡಗಡಿ ಎತ್ತರ ನಿಲ್ತೈತಿ. ತಪ್ಪು ಕೆಲ್ಸ ಅದು."

"ನಿಲ್ಲಲಿ."

"ಗಾಡಿ ಬಲಕ್ಕ ವಾಲ್ತೈತಿ."

"ನಾ ಹಿಡೀತೀನಿ. ಭಾವಾರ, ನೀವು ಎಡಗಡಿ ಹತ್ತಿ ಕೂಡ್ರಿ."

"ನಾನ್ಯಾಕ?"

"ಭಾರಕ್ಕ."

ಅಣ್ಣತಮ್ಮಂದಿರದು ಒಂದೇ ಮೈಕಟ್ಟು. ಒಬ್ಬರ ಅಂಗಿ ಇನ್ನೊಬ್ಬರಿಗೆ ಆಗುತ್ತಿತ್ತು. ಭಾವನವರು ಇಸ್ತ್ರಿ ಮಾಡಿದ ಪ್ಯಾಂಟನ್ನು ಎತ್ತಿ ಹಿಡಿದು ಹತ್ತಿದರು. ಗಾಡಿ ಆ ಬದಿಗೆ ಕುಸಿಯಿತು. ನಾನು ಸ್ಟೀರಿಂಗಿನ ಮುಂದೆ ಕೂತೆ. ಉಸ್ತಾದ್ ಎಡಗಡೆಯ ರಿಂಗನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಎರಡೂ ಬದಿ ಅಳೆಯುತ್ತಾ, ಸಮ ಮಾಡಿದರು. ಅಷ್ಟು ಹೊತ್ತೂ ಭಾವನವರು ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡು ನೇರ ಮುಂದೆ ನೋಡುತ್ತಿದ್ದರು.

ಹೊರಡುವಾಗ ಉಸ್ತಾದ್ ನಿಂಬೆಹಣ್ಣು ತಂದರು. ಯಾರಾದರೂ ಮುತ್ತೈದೆಯ ಕೈಯಿಂದ ಇಡಿಸು ಎಂದರು ಭಾವನವರು. ನಾನೇ ಇಳಿದು ಗಾಲಿಯ ಕೆಳಗೆ ಇಟ್ಟೆ. ನಾನೇ ಹತ್ತಿಸಿದೆ.

ಓಡಿಸಿ ನೋಡಲೆಂದು ಇಬ್ಬರನ್ನೂ ಕೂಡಿಸಿಕೊಂಡು ಕೆರೆಯಂಗಳಕ್ಕೆ ಹೋದೆ. ಮೊದಲ ದಿಬ್ಬಕ್ಕೆ ಹಿಂಬದಿ ಎದ್ದು ಬಡಿಯಿತು.

"ಹೆಂಗ ಅನಸ್ತು ಭಾವಾರ?"

"ಹೆಂಗ ಅಂದ್ರ? ಮುಂಜಾನಿ ತಿಂದ ಉಪ್ಪಿಟ್ಟು ಗಂಟಲಿಗೆ ಬಂತು."

ಹಿಂದಿನ ಸೀಟಿನಲ್ಲಿದ್ದ ಉಸ್ತಾದ್ ಜೋರಾಗಿ ನಕ್ಕರು. ಆದರೆ ಉಪ್ಪಿಟ್ಟಿನಿಂದ ನನಗೆ ಏನೂ ತಿಳಿಯಲಿಲ್ಲ. ಮುಂದೋ ಹಿಂದೋ, ಗಟ್ಟಿಯೋ ಮೆತ್ತಗೋ, ಅವರಿಗೆ ಹೇಳಲು ಬರುವುದಿಲ್ಲ. ನಾನೇ ಇಳಿದು, ಮಣ್ಣಿನಲ್ಲಿ ಮಂಡಿಯೂರಿ, ಹಿಂದಿನ ತಿರುಪುಗಳನ್ನು ಮೆತ್ತಗಾಗುವ ಕಡೆಗೆ ತಿರುಗಿಸಿದೆ. ಪ್ರತಿ ಟಿಕ್ಕೂ ಬೆರಳಿಗೆ ತಾಕುತ್ತದೆ. ಮತ್ತೆ ಓಡಿಸಿದೆ. ಈಗ ಅತಿಯಾಗಿ ತೂಗಿತು. ಒಂದು ಟಿಕ್ಕು ವಾಪಸ್. ಮತ್ತೆ ಓಡಿಸಿದೆ. ಸೀರೆಯ ಅಂಚು ಮಣ್ಣಿಗೆ ಕೆಂಪಾಯಿತು. "ಸಾಕು ತಂಗಿ" ಎಂದರು ಭಾವನವರು. ನನಗೆ ಸಾಕಾಗಿರಲಿಲ್ಲ.

ಕೊನೆಗೆ ಒಂದು ಸಲ ಗಾಡಿ ದಿಬ್ಬ ಹತ್ತಿ ಇಳಿಯಿತು, ಒಮ್ಮೆ ಕುಗ್ಗಿತು, ಎದ್ದಿತು, ಅಲ್ಲೇ ನಿಂತಿತು. ತೊಟ್ಟಿಲೂ ಇಲ್ಲ, ರೊಟ್ಟಿಯೂ ಇಲ್ಲ. ಅವರು ಹೇಳಿದ ಹಾಗೆಯೇ ಆಗಿತ್ತು.

ಉಸ್ತಾದರನ್ನು ಶೆಡ್ಡಿನಲ್ಲಿ ಇಳಿಸಿದೆ. ಭಾವನವರು ಇಳಿಯಲಿಲ್ಲ.

"ಕಾಚಿಗೂಡದ ತನಕ ಬಿಡ್ತೀಯೇನು?"

"ಬೆಲ್ಟ್ ಹಾಕ್ಕೊಳ್ರಿ."

ಅಂಗಡಿಯ ಮುಂದೆ ಅವರು ಇಳಿದಾಗ ಗಾಡಿಯ ಎಡ ಮೂಲೆ ಮೆಲ್ಲಗೆ ಮೇಲೆ ಬಂತು. ಅದು ಬಂದದ್ದು ನನ್ನ ಟೊಂಕಕ್ಕೆ ಗೊತ್ತಾಯಿತು.

ಈಗಲೂ ಶನಿವಾರ ಹೋಗುತ್ತೇನೆ. ಸರ್ವಿಸಿಗೆ ಒಯ್ದಾಗಲೆಲ್ಲ ಉಸ್ತಾದ್ ಎಡಗಡೆಯ ರಿಂಗು ಇಳಿಸಲೇ ಎಂದು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಅದು ಅರ್ಧ ಬೆರಳು ಎತ್ತರವೇ ನಿಂತಿದೆ, ಹಾಗೆಯೇ ನಿಲ್ಲುತ್ತದೆ. ದಿಬ್ಬ ದಾಟಿ ಗಾಡಿ ನಿಲ್ಲಿಸುತ್ತೇನೆ. ಹೇಗೆ ಅನಿಸಿತು ಎಂದು ಹೇಳಲು ನನ್ನ ಹತ್ತಿರ ಮಾತಿದೆ. ಕೇಳುವವರು ಇಲ್ಲ.